ಸಿಎಫ್‌ಎ ಲೆವೆಲ್ 1ಗೆ ಏನ್ ತಗೊಂಡು ಓದೋದು: ಕರಿಕ್ಯುಲಮ್ಮಾ, ನೋಟ್ಸಾ, ವಿಡಿಯೋನಾ, ಕ್ವೆಶ್ಚನ್ ಬ್ಯಾಂಕಾ?

ಸಿಎಫ್‌ಎ ಅಂದ್ರೆ ಚಾರ್ಟರ್ಡ್ ಫೈನಾನ್ಷಿಯಲ್ ಅನಲಿಸ್ಟ್, ಹೂಡಿಕೆ ಕ್ಷೇತ್ರದೋರು ಬರೆಯೋ ಮೂರು ಹಂತದ ಪರೀಕ್ಷೆ. ಮೊದಲ್ನೇ ಸಲ ಅದ್ರ ಲೆವೆಲ್ 1 ಬರೆದಾಗ ನನ್ ಹತ್ರ ಇಲ್ದೇ ಇರೋ ಮೆಟೀರಿಯಲ್ಲೇ ಇರ್ಲಿಲ್ಲ. ಪರೀಕ್ಷೆ ನಡೆಸೋ ಸಿಎಫ್‌ಎ ಇನ್‌ಸ್ಟಿಟ್ಯೂಟ್‌ನವರ ಕರಿಕ್ಯುಲಮ್, ಅಂದ್ರೆ ಅವ್ರದ್ದೇ ಪಠ್ಯ, ಇತ್ತು, ಪರೀಕ್ಷೆಗೆ ತಯಾರಿ ಮಾಡಿಸೋ ಒಂದು ಪ್ರೆಪ್ ಕಂಪನಿಯ ನೋಟ್ಸ್ ಇತ್ತು, ಇನ್ನೊಬ್ರ ವಿಡಿಯೋ ಕೋರ್ಸ್ ಇತ್ತು, ಫ್ರೆಂಡ್ಸ್ ಕಳಿಸಿದ ಫಾರ್ಮುಲಾ ಶೀಟ್ ನಾಲ್ಕೈದು, ಫೋನಲ್ಲಿ ಫ್ಲ್ಯಾಶ್‌ಕಾರ್ಡ್ ಆ್ಯಪ್ ಎರಡು. ಫಿಕ್ಸೆಡ್ ಇನ್‌ಕಮ್ (ಬಾಂಡ್‌ಗಳ ವಿಷಯ) ಒಂದನ್ನೇ ಮೂರು ಕಡೆ ಮೂರು ಸಲ ಓದಿದ್ದೆ, ಡೆರಿವೇಟಿವ್ಸ್ (ಆಪ್ಷನ್, ಫ್ಯೂಚರ್ಸ್ ಥರದ್ದು) ಮುಟ್ಟೋಕೆ ಟೈಮೇ ಸಿಗ್ಲಿಲ್ಲ, ಬಿಡಿಸಿದ ಪ್ರಶ್ನೆ ಎಣಿಸಿದ್ರೆ ಐನೂರೂ ದಾಟ್ತಿರ್ಲಿಲ್ಲ. ರಿಸಲ್ಟ್ ಏನಾಯ್ತು ಅಂತ ಬೇರೆ ಹೇಳ್ಬೇಕಾ? ಎರಡನೇ ಸಲ ಟೇಬಲ್ ಮೇಲೆ ಇದ್ದದ್ದು ಎರಡೇ, ಓದೋಕೆ ಒಂದು, ಬಿಡಿಸೋಕೆ ಒಂದು. ಯಾವ ಬ್ರ್ಯಾಂಡ್ ತಗೊಳ್ಲಿ ಅಂತ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಇಷ್ಟೇ, ಬ್ರ್ಯಾಂಡ್ ಆಮೇಲೆ ನೋಡೋಣ, ಮೊದ್ಲು ಯಾವ ಥರದ್ದು ಬೇಕು, ಯಾವ ಥರದ್ದು ಬೇಡ ಅಂತ ತೀರ್ಮಾನ ಮಾಡಿ.

ಪರೀಕ್ಷೆ ಹೆಂಗಿರತ್ತೆ ಅಂತ ಒಂದ್ಸಲ ನೆನಪು ಮಾಡ್ಕೊಂಡ್ಬಿಡೋಣ, ಯಾಕಂದ್ರೆ ಮುಂದಿನ ಮಾತೆಲ್ಲಾ ಅದ್ರ ಮೇಲೇ ನಿಂತಿದೆ. ಒಟ್ಟು 180 ಪ್ರಶ್ನೆ, 90-90ರ ಎರಡು ಸೆಷನ್, ಒಂದೊಂದಕ್ಕೆ 135 ನಿಮಿಷ, ಅಂದ್ರೆ ಪ್ರಶ್ನೆಗೆ ಒಂದೂವರೆ ನಿಮಿಷ. ಮೂರೇ ಆಪ್ಷನ್, ತಪ್ಪಾದ್ರೆ ಮಾರ್ಕ್ಸ್ ಕಟ್ ಮಾಡಲ್ಲ. 2021ರಿಂದ ಕಂಪ್ಯೂಟರ್ ಮುಂದೆ ಕೂತು ಬರೆಯೋದು, ವರ್ಷಕ್ಕೆ ನಾಲ್ಕು ಸಲ ನಡೆಯತ್ತೆ. ವಿಷಯ ಹತ್ತು. ಎಥಿಕ್ಸ್ ಒಂದೇ 15ರಿಂದ 20%, ಫೈನಾನ್ಷಿಯಲ್ ಸ್ಟೇಟ್‌ಮೆಂಟ್ ಅನಾಲಿಸಿಸ್, ಈಕ್ವಿಟಿ, ಫಿಕ್ಸೆಡ್ ಇನ್‌ಕಮ್ ತಲಾ 11ರಿಂದ 14%, ಡೆರಿವೇಟಿವ್ಸ್ 5ರಿಂದ 8%. ಎಷ್ಟು ಪ್ರಶ್ನೆ ಸರಿ ಆದ್ರೆ ಪಾಸು ಅನ್ನೋದನ್ನ ಇನ್‌ಸ್ಟಿಟ್ಯೂಟ್ ಹೇಳಲ್ಲ, ಹಾಗಾಗಿ 70 ತೆಗೆದ್ರೆ ಸಾಕು ಅನ್ನೋದೆಲ್ಲಾ ನಮ್ಮ ನಮ್ಮಲ್ಲೇ ಹುಟ್ಟಿದ ಅಂದಾಜು. ಓದೋಕೆ ಸುಮಾರು 300 ಗಂಟೆ ಬೇಕು ಅಂತ ಅವ್ರೇ ಹೇಳ್ತಾರೆ. ಮೆಟೀರಿಯಲ್ ದುಬಾರಿನಾ ಅಗ್ಗನಾ ಅಂತ ನಾನು ಲೆಕ್ಕ ಹಾಕೋದು ಈ ಗಂಟೆಗಳಲ್ಲೇ.

ಮೊದ್ಲು ಕರಿಕ್ಯುಲಮ್. ರಿಜಿಸ್ಟರ್ ಆದ್ರೆ ಆನ್‌ಲೈನಲ್ಲಿ ತಾನಾಗೇ ಸಿಗತ್ತೆ, ಪ್ರಾಕ್ಟೀಸ್ ಪ್ರಶ್ನೆ, ಮಾಕ್ (ಅಣಕು ಪರೀಕ್ಷೆ) ಎಲ್ಲಾ ಅದ್ರಲ್ಲೇ ಸೇರಿರತ್ತೆ, ಅಚ್ಚಾದ ಪುಸ್ತಕ ಬೇಕು ಅಂದ್ರೆ ಬೇರೆ ದುಡ್ಡು. ಪ್ರಶ್ನೆ ತೆಗೆಯೋದು ಇದ್ರ ಆಧಾರದ ಮೇಲೇ, ಪದ ಬಳಸೋ ರೀತಿ, ಸಿಂಬಲ್, ಸುತ್ತಿಬಳಸಿ ಕೇಳೋ ಧಾಟಿ ಎಲ್ಲಾ ಇಲ್ಲಿಂದಾನೇ ಬರತ್ತೆ. ತೊಂದ್ರೆ ಏನಂದ್ರೆ ಗಾತ್ರ. ಸಾವಿರಾರು ಪುಟ. ಗಂಟೆಗೆ 10 ಪುಟ ಅಂತ ಇಟ್ಕೊಂಡ್ರೂ 2,000 ಪುಟಕ್ಕೇ 200 ಗಂಟೆ ಹೋಯ್ತು, ಉಳಿದ 100ರಲ್ಲಿ ರಿವಿಷನ್ನೂ ಆಗ್ಬೇಕು, ಪ್ರಶ್ನೆನೂ ಆಗ್ಬೇಕು, ಮಾಕೂ ಆಗ್ಬೇಕು. ಅದೂ ಅಲ್ದೆ ಬರೆದಿರೋದು ಒಬ್ರಲ್ಲ, ಬೇರೆ ಬೇರೆ ಜನ, ಒಂದು ಮಾಡ್ಯೂಲ್ ನೀರು ಕುಡಿದಷ್ಟು ಸಲೀಸು, ಪಕ್ಕದ್ದು ಓದಿದ್ರೆ ನಿದ್ದೆ ಬರ್ದೇ ಇರೋರಿಗೂ ನಿದ್ದೆ ಬರತ್ತೆ. ಆದ್ರೂ ಇದನ್ನ ಪೂರ್ತಿ ಮೂಲೆಗೆ ಹಾಕೋ ಹಾಗಿಲ್ಲ. ಪೂರ್ತಿ ಓದದೇ ಇದ್ರೂ ಮಧ್ಯೆ ಮಧ್ಯೆ ಬಾಕ್ಸಲ್ಲಿ ಬರೋ ಉದಾಹರಣೆ, ಮಾಡ್ಯೂಲ್ ಕೊನೇಲಿರೋ ಪ್ರಶ್ನೆ, ಇವೆರಡನ್ನ ಬಿಡ್ಬೇಡಿ.

ಇನ್ನೊಂದು ವಿಷಯ, ತುಂಬಾ ಜನ ಹಾರಿಸ್ಕೊಂಡು ಹೋಗೋದು. ಪ್ರತಿ ಮಾಡ್ಯೂಲ್ ಶುರುವಲ್ಲಿ ಲರ್ನಿಂಗ್ ಔಟ್‌ಕಮ್ ಸ್ಟೇಟ್‌ಮೆಂಟ್ ಅಂತ ನಾಲ್ಕೈದು ಸಾಲು ಇರತ್ತೆ, ಎಲ್ಒಎಸ್ ಅಂತೀವಲ್ಲ ಅದು. ಅದ್ರಲ್ಲಿ ಕ್ರಿಯಾಪದ ನೋಡಿ. ಕ್ಯಾಲ್ಕುಲೇಟ್ ಅಂತ ಇದ್ರೆ ಲೆಕ್ಕ ಬರತ್ತೆ ಅಂತ ರೆಡಿ ಇರ್ಬೇಕು, ಡಿಸ್ಕ್ರೈಬ್ ಅಂತ ಮಾತ್ರ ಇದ್ರೆ ಆ ಫಾರ್ಮುಲಾನ ಉರು ಹೊಡ್ಕೊಂಡು ಕೂರೋ ಅವಶ್ಯಕತೆ ಇಲ್ಲ. ಯಾವ ಪ್ರೆಪ್ ಮೆಟೀರಿಯಲ್ ತಗೊಂಡ್ರೂ ಅದು ಎಲ್ಒಎಸ್ ಪ್ರಕಾರ ವಿಂಗಡಿಸಿದ್ಯಾ ಅಂತ ನೋಡಿ, ಇಲ್ಲಾಂದ್ರೆ ಬಿಟ್ಟಾಕಿ.

ಈಗ ನೋಟ್ಸ್. ಕ್ಯಾಪ್ಲನ್ ಶ್ವೇಸರ್ ಈ ಲೈನಲ್ಲಿ ಎಲ್ರಿಗೂ ಗೊತ್ತಿರೋ ಹೆಸರು, ಬೇರೆಯವ್ರದ್ದೂ ಇವೆ. ಎಲ್ರದ್ದೂ ಕೆಲಸ ಒಂದೇ, ಕರಿಕ್ಯುಲಮ್‌ನ ಹಿಂಡಿ ರಸ ತೆಗೆದು ಕೊಡೋದು. 300 ಗಂಟೆ ಸಿಗೋದೇ ಕಷ್ಟ ಅನ್ನೋರಿಗೆ, ಕೆಲ್ಸ ಮುಗಿಸಿ ರಾತ್ರಿ ಒಂದೂವರೆ ಗಂಟೆ ಓದೋರಿಗೆ ಇದಿಲ್ದೇ ಆಗಲ್ಲ ಅಂತಾನೇ ನನ್ನ ಅಭಿಪ್ರಾಯ. ಆದ್ರೆ ಹಿಂಡುವಾಗ ಏನ್ ಹೋಗತ್ತೆ ಅಂತ ಗೊತ್ತಿರ್ಬೇಕು. ಸಾಮಾನ್ಯವಾಗಿ ಹೋಗೋದು "ಯಾಕೆ" ಅನ್ನೋದು.

ಒಂದು ಉದಾಹರಣೆ ಕೊಡ್ತೀನಿ. ಮ್ಯಾಕಾಲೆ ಡ್ಯುರೇಷನ್‌ನಿಂದ (ಬಾಂಡ್‌ನ ದುಡ್ಡು ಕೈಗೆ ಬರೋಕೆ ಸರಾಸರಿ ಹಿಡಿಯೋ ಕಾಲ) ಮಾಡಿಫೈಡ್ ಡ್ಯುರೇಷನ್ (ಯೀಲ್ಡ್, ಅಂದ್ರೆ ಬಾಂಡ್‌ನ ಆದಾಯದ ದರ, ಬದಲಾದ್ರೆ ಬೆಲೆ ಎಷ್ಟು ಅಲ್ಲಾಡತ್ತೆ ಅನ್ನೋ ಅಳತೆ) ಕಂಡುಹಿಡಿಯೋದು. ನೋಟ್ಸಲ್ಲಿ ಒಂದೇ ಸಾಲು, ಮ್ಯಾಕಾಲೆನ ಒಂದು ಪ್ಲಸ್ ಯೀಲ್ಡ್‌ನಿಂದ ಭಾಗಿಸಿ ಅಂತ. ಅದನ್ನ ಬಾಯಿಪಾಠ ಮಾಡ್ಕೊಂಡು ಪ್ರಶ್ನೆಗೆ ಬಂದ್ರಿ ಅನ್ಕೊಳ್ಳಿ. ಬಾಂಡ್‌ನ ಮ್ಯಾಕಾಲೆ ಡ್ಯುರೇಷನ್ 7.21 ವರ್ಷ, ವಾರ್ಷಿಕ ಯೀಲ್ಡ್ 6%, ಕೂಪನ್ (ಬಾಂಡ್‌ನ ಬಡ್ಡಿ) ಆರು ತಿಂಗಳಿಗೊಮ್ಮೆ. ನೀವು ಕಣ್ಣುಮುಚ್ಕೊಂಡು 1.06ರಿಂದ ಭಾಗಿಸ್ತೀರಿ, 6.80 ಬರತ್ತೆ, ಆಪ್ಷನ್ ಎ ನೋಡಿದ್ರೆ 6.80 ಕೂತಿದೆ, ಖುಷಿಯಾಗಿ ಒತ್ತಿ ಮುಂದೆ ಹೋಗ್ತೀರಿ. ಸರಿ ಉತ್ತರ 7.00, ಯಾಕಂದ್ರೆ ಇಲ್ಲಿ ಒಂದು ಅವಧಿ ಅಂದ್ರೆ ಆರು ತಿಂಗಳು, ಆ ಅವಧಿಯ ಯೀಲ್ಡ್ 3%, ಭಾಗಿಸ್ಬೇಕಾಗಿದ್ದು 1.03ರಿಂದ. ಕರಿಕ್ಯುಲಮ್ ಓದಿದ್ರೆ ಈ ಅವಧಿ ವಿಷಯ ಎರಡು ಪುಟ ಕೊರೆದು ತಲೆಗೆ ಹತ್ತಿಸಿರತ್ತೆ. ನೋಟ್ಸಲ್ಲಿ ಅದೇ ವಿಷಯ ಒಂದು ಸಣ್ಣ ವಾಕ್ಯ ಆಗಿ ಕೆಳಗೆ ಎಲ್ಲೋ ಇರತ್ತೆ, ಕಣ್ಣಿಗೆ ಬಿದ್ರೆ ಬಿತ್ತು. ಕ್ವೆಶ್ಚನ್ ಬ್ಯಾಂಕ್ ಇದನ್ನ ಕಲಿಸೋ ರೀತಿ ಬೇರೆ, ಒಂದ್ಸಲ 6.80 ಒತ್ತಿ ಕೆಂಪು ಬಣ್ಣ ಕಂಡ್ಮೇಲೆ ಜನ್ಮದಲ್ಲಿ ಮರೆಯಲ್ಲ. ಮೂರೂ ಥರದ ಮೆಟೀರಿಯಲ್ಲಿಗೆ ಇರೋ ವ್ಯತ್ಯಾಸ ಇದೊಂದು ಲೆಕ್ಕದಲ್ಲೇ ಇದೆ.

ಹಾಗಾಗಿ ನೋಟ್ಸ್ ತಗೊಳ್ಳೋರಿಗೆ ನನ್ನ ಕಂಡೀಷನ್, ಯಾವ ಟಾಪಿಕ್ ಪ್ರಶ್ನೆಗಳಲ್ಲಿ ಪದೇ ಪದೇ ಎಡವ್ತೀರೋ ಆ ಟಾಪಿಕ್‌ಗೆ ಮಾತ್ರ ಕರಿಕ್ಯುಲಮ್‌ಗೆ ವಾಪಸ್ ಹೋಗಿ. ಎಲ್ಲದಕ್ಕೂ ಬೇಡ. ನಾನು ಎರಡನೇ ಸಲ ಹಾಗೆ ವಾಪಸ್ ಹೋಗಿದ್ದು ಮೂರೇ ಕಡೆ, ಡೆಫರ್ಡ್ ಟ್ಯಾಕ್ಸ್, ಫಾರ್ವರ್ಡ್ ರೇಟು, ಹೈಪಾಥಿಸಿಸ್ ಟೆಸ್ಟಿಂಗ್.

ಎಥಿಕ್ಸ್ ಮಾತ್ರ ಈ ನಿಯಮಕ್ಕೆ ಹೊರಗು. ಅದನ್ನ ನೋಟ್ಸಲ್ಲಿ ಓದ್ಬೇಡಿ ಅಂತ ನಾನು ಯಾರಿಗೇ ಆದ್ರೂ ಜಗಳ ಆಡಿ ಹೇಳ್ತೀನಿ. ವೃತ್ತಿ ನಡತೆಯ ನಿಯಮಗಳಾದ ಏಳು ಸ್ಟ್ಯಾಂಡರ್ಡ್‌ಗಳ ಹೆಸರು ಬಾಯಿಗೆ ಬಂದ್ರೆ ಏನೂ ಪ್ರಯೋಜನ ಇಲ್ಲ, ಅಲ್ಲಿ ಕೇಳೋದು ಸನ್ನಿವೇಶ. ಪೋರ್ಟ್‌ಫೋಲಿಯೋ ಚೆನ್ನಾಗಿ ನೋಡ್ಕೊಂಡ್ರು ಅಂತ ಕ್ಲೈಂಟ್ ಒಬ್ರು ಮ್ಯಾನೇಜರ್‌ಗೆ ಗಿಫ್ಟ್ ಕೊಡ್ತಾರೆ, ಅದನ್ನ ತಾವು ಕೆಲ್ಸ ಮಾಡೋ ಕಂಪನಿಗೆ ತಿಳಿಸಿ ತಗೋಬಹುದು. ಅದೇ ಗಿಫ್ಟನ್ನ, ಅನಲಿಸ್ಟ್ ಯಾವ ಕಂಪನಿ ಬಗ್ಗೆ ರಿಪೋರ್ಟ್ ಬರೀತಿದಾರೋ ಆ ಕಂಪನಿಯವ್ರು ಕೊಟ್ರೆ ಬೇಡ ಅನ್ಬೇಕು. ಗಿಫ್ಟ್ ಅದೇ, ಕೊಟ್ಟೋರು ಯಾರು ಅನ್ನೋದ್ರ ಮೇಲೆ ಉತ್ತರ ಉಲ್ಟಾ. ನೋಟ್ಸಲ್ಲಿ ಇದು "ಗಿಫ್ಟ್ ತಗೋಬಾರದು" ಅನ್ನೋ ಹಾಗೆ ತಲೇಲಿ ಕೂತ್ಬಿಡತ್ತೆ. ಕರಿಕ್ಯುಲಮ್‌ನಲ್ಲಿ ಸ್ಟ್ಯಾಂಡರ್ಡ್ ಒಂದೊಂದಕ್ಕೂ ಕಥೆ ಕಥೆಯಾಗಿ ಉದಾಹರಣೆ ಇವೆ, ಅವನ್ನೇ ಎರಡು ಸಲ ಓದಿ, ಎರಡನೇ ಸಲ ಓದೋದು ಪರೀಕ್ಷೆಗೆ ಎರಡು ವಾರ ಇದೆ ಅನ್ನುವಾಗ. 15ರಿಂದ 20% ಅಂದ್ರೆ 27ರಿಂದ 36 ಪ್ರಶ್ನೆ, ಕಡಿಮೆ ಏನಲ್ಲ.

ವಿಡಿಯೋ ಬಗ್ಗೆ ಹೇಳೋಕೆ ಮುಂಚೆ ಒಪ್ಕೊಂಡ್ಬಿಡ್ತೀನಿ, ನನಗೆ ವಿಡಿಯೋ ಆಗಿಬರಲ್ಲ, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು. ಮಾರ್ಕ್ ಮೆಲ್ಡ್ರಮ್ ಥರದವ್ರ ಪಾಠ ಕೇಳೇ ಪಾಸ್ ಆದೋರು ಬೇಕಾದಷ್ಟು ಜನ ಇದ್ದಾರೆ. ಫೈನಾನ್ಸ್ ಹಿನ್ನೆಲೆ ಇಲ್ದೇ ಇರೋರಿಗೆ, ಎಂಜಿನಿಯರಿಂಗ್ ಕಡೆಯಿಂದ ಬಂದು ಡೆಬಿಟ್ ಯಾವ ಕಡೆ ಕ್ರೆಡಿಟ್ ಯಾವ ಕಡೆ ಅಂತಾನೇ ಗೊತ್ತಿಲ್ದೇ ಇರೋರಿಗೆ, ಇನ್‌ವೆಂಟರಿ, ಲೀಸ್, ಟ್ಯಾಕ್ಸ್ ಇವನ್ನೆಲ್ಲಾ ಒಬ್ರು ಎದುರಿಗೆ ಬೋರ್ಡ್ ಮೇಲೆ ಬರೆದು ತೋರಿಸಿದ್ರೆ ಅರ್ಧ ಭಯ ಅಲ್ಲೇ ಹೋಗತ್ತೆ. ಆದ್ರೆ ವಿಡಿಯೋ ನೋಡ್ತಾ ಇರೋವಾಗ ಎಲ್ಲಾ ಅರ್ಥ ಆದ ಹಾಗೇ ಇರತ್ತೆ, ನಿಲ್ಸಿ ಒಂದು ಪ್ರಶ್ನೆ ಬಿಡಿಸಿ ನೋಡಿ ಆಗ ಗೊತ್ತಾಗತ್ತೆ ಬಣ್ಣ. ನಾನು ಮೊದಲ್ನೇ ಸಲ 90 ಗಂಟೆ ವಿಡಿಯೋ ನೋಡಿದ್ದೆ, ಅದ್ರಲ್ಲಿ ಎಷ್ಟು ಹೊತ್ತು ಕೈಯಲ್ಲಿ ಪೆನ್ ಇತ್ತು ಅಂತ ಕೇಳಿದ್ರೆ ನಾಚಿಕೆ ಆಗತ್ತೆ. ತಗೊಳ್ಳೋದೇ ಆದ್ರೆ ಒಂದೊಂದು ಪಾಠ ಇಪ್ಪತ್ತು ಮೂವತ್ತು ನಿಮಿಷದ್ದು ಇರೋ ಹಾಗೆ ನೋಡ್ಕೊಳ್ಳಿ, ಒಂದೂವರೆ ಪಟ್ಟು ಸ್ಪೀಡಲ್ಲಿ ಕೇಳಿ, ಗೊತ್ತಿರೋ ಟಾಪಿಕ್ ಹಾರಿಸಿ. ವಿಡಿಯೋ ಜೊತೆಗೆ ನೋಟ್ಸೂ ಪೂರ್ತಿ ಕರಿಕ್ಯುಲಮ್ಮೂ ಓದ್ತೀನಿ ಅನ್ನೋದು ಬೇಡ, ಓದೋ ಜಾಗಕ್ಕೆ ಒಂದೇ ಸಾಕು.

ಲೈವ್ ಕ್ಲಾಸ್ ಬಗ್ಗೆ ಜಾಸ್ತಿ ಹೇಳಲ್ಲ. ಯಾರೋ ಹಿಂದೆ ಬಿದ್ದು ಓದಿಸ್ಬೇಕು, ಇಲ್ಲಾಂದ್ರೆ ಪುಸ್ತಕ ಮುಟ್ಟಲ್ಲ ಅನ್ನೋ ಸ್ವಭಾವ ನಿಮ್ದು ಅಂತ ನಿಮಗೇ ಗೊತ್ತಿದ್ರೆ ಸೇರಿ. ಸೇರೋಕೆ ಮುಂಚೆ ಪಾಸ್ ಪರ್ಸೆಂಟೇಜ್ ಹೇಳಿದ್ರೆ, ಯಾರನ್ನ ಎಣಿಸಿದ್ರಿ ಅಂತ ಕೇಳಿ. ಸೇರಿದೋರೆಲ್ಲರನ್ನಾ, ಕೊನೇವರೆಗೂ ಮಾಕ್ ಬರೆದೋರನ್ನ ಮಾತ್ರನಾ, ಇಲ್ಲ ರಿಸಲ್ಟ್ ತಾವಾಗೇ ತಿಳಿಸಿದೋರನ್ನಾ? 2021ರ ಜುಲೈನಲ್ಲಿ ಲೆವೆಲ್ 1 ಬರೆದವ್ರಲ್ಲಿ ಪಾಸ್ ಆದೋರು 22% ಮಾತ್ರ, ಹಾಗಿರೋ ಪರೀಕ್ಷೆಗೆ ಯಾರಾದ್ರೂ ತೊಂಬತ್ತು ತೊಂಬತ್ತೈದು ಅಂತ ಹೇಳಿದ್ರೆ ಈ ಪ್ರಶ್ನೆ ಕೇಳೋದ್ರಲ್ಲಿ ತಪ್ಪಿಲ್ಲ.

ಸರಿ, ಕ್ವೆಶ್ಚನ್ ಬ್ಯಾಂಕ್. ದುಡ್ಡು ಎಲ್ಲಾದ್ರೂ ಒಂದು ಕಡೆ ಮಾತ್ರ ಹಾಕೋಕೆ ಆಗತ್ತೆ ಅಂದ್ರೆ ಇಲ್ಲಿ ಹಾಕಿ. ಯೂವರ್ಲ್ಡ್, ಕ್ಯಾಪ್ಲನ್ ಇನ್ನೂ ಹಲವಾರು ಇವೆ, ಇನ್‌ಸ್ಟಿಟ್ಯೂಟೇ ಎಕ್ಸ್‌ಟ್ರಾ ಪ್ರಾಕ್ಟೀಸ್ ಪ್ಯಾಕ್ ಅಂತ ಬೇರೆ ದುಡ್ಡಿಗೆ ಕೊಡತ್ತೆ. ಹೋಲಿಸೋವಾಗ ಜನ ನೋಡೋದು ಎಷ್ಟು ಸಾವಿರ ಪ್ರಶ್ನೆ ಇದೆ ಅಂತ. ನಾನು ನೋಡೋದು ವಿವರಣೆ. ಫ್ರೀ ಟ್ರಯಲ್ ತಗೊಳ್ಳಿ, ಹತ್ತು ಪ್ರಶ್ನೆ ಬೇಕು ಅಂತ್ಲೇ ತಪ್ಪು ಮಾಡಿ, ಬಂದ ವಿವರಣೆ ಓದಿ. ಸರಿ ಉತ್ತರ ಯಾಕೆ ಸರಿ ಅಂತ ಎಲ್ರೂ ಬರೀತಾರೆ, ನೀವು ಒತ್ತಿದ ತಪ್ಪು ಉತ್ತರಕ್ಕೆ ಯಾವ ತಪ್ಪು ದಾರೀಲಿ ಬಂದ್ರಿ ಅಂತ ಹೇಳೋರು ಕಮ್ಮಿ. ಮೇಲಿನ ಡ್ಯುರೇಷನ್ ಲೆಕ್ಕದಲ್ಲಿ "ನೀವು ವರ್ಷದ ಯೀಲ್ಡ್‌ನಿಂದ ಭಾಗಿಸಿದ್ದೀರಿ" ಅಂತ ಬರೆದಿದ್ರೆ ಅದು ಒಳ್ಳೇ ಬ್ಯಾಂಕ್. ಬರೀ "ಸರಿ ಉತ್ತರ ಬಿ" ಅಂತ ಹೇಳಿ ಫಾರ್ಮುಲಾ ಕೊಟ್ಟಿದ್ರೆ ಹತ್ತು ಸಾವಿರ ಪ್ರಶ್ನೆ ಇದ್ರೂ ನನಗೆ ಬೇಡ.

ಎರಡನೇದು, ಎಲ್ಲಾ ಟಾಪಿಕ್ ಕಲಸಿ ಟೈಮರ್ ಇಟ್ಟು ಕೊಡೋ ಸೌಲಭ್ಯ ಇದ್ಯಾ ನೋಡಿ. ಡೆರಿವೇಟಿವ್ಸ್ ಓದಿದ ಮರುಕ್ಷಣ ಡೆರಿವೇಟಿವ್ಸ್ ಇಪ್ಪತ್ತು ಪ್ರಶ್ನೆ ಬಿಡಿಸಿದ್ರೆ ಎಂಬತ್ತೈದು ಪರ್ಸೆಂಟ್ ಬಂದೇ ಬರತ್ತೆ, ಅದನ್ನ ನಂಬಬೇಡಿ. ಮೂರು ವಾರ ಬಿಟ್ಟು, ಮುಂದೊಂದು ಎಕನಾಮಿಕ್ಸ್ ಹಿಂದೊಂದು ಎಥಿಕ್ಸ್ ಇರೋವಾಗ ಅದೇ ಪ್ರಶ್ನೆ ಬಂದ್ರೆ ಏನಾಗತ್ತೆ ಅನ್ನೋದೇ ಲೆಕ್ಕಕ್ಕೆ ಬರೋದು. ಮೂರನೇದು, ಬರೀ ಲೆಕ್ಕ ತುಂಬಿರೋ ಬ್ಯಾಂಕ್ ಬೇಡ. ಲೆವೆಲ್ 1ರಲ್ಲಿ ಕ್ಯಾಲ್ಕುಲೇಟರ್ ಮುಟ್ಟದೇ ಉತ್ತರಿಸೋ ಪ್ರಶ್ನೆ ಬೇಕಾದಷ್ಟಿವೆ, ಉದಾಹರಣೆಗೆ ಇನ್‌ವೆಂಟರಿ (ದಾಸ್ತಾನು) ಮೌಲ್ಯ ಇಳಿಸಿದ್ಮೇಲೆ ಬೆಲೆ ಚೇತರಿಸ್ಕೊಂಡ್ರೆ ಐಎಫ್‌ಆರ್‌ಎಸ್‌ನಲ್ಲಿ (ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ) ವಾಪಸ್ ಏರಿಸ್ಬಹುದು, ಯುಎಸ್ ಗ್ಯಾಪ್‌ನಲ್ಲಿ (ಅಮೆರಿಕದ ಲೆಕ್ಕಪತ್ರ ನಿಯಮ) ಆಗಲ್ಲ, ಕೊನೇಲಿ ಬಂದ ಸರಕು ಮೊದ್ಲು ಮಾರಾಟ ಆಯ್ತು ಅಂತ ಲೆಕ್ಕ ಹಿಡಿಯೋ ಲೈಫೋ ಅಂತೂ ಐಎಫ್‌ಆರ್‌ಎಸ್‌ನಲ್ಲಿ ಇಲ್ವೇ ಇಲ್ಲ, ಇಂಥವು. ಇವಕ್ಕೆ ಫಾರ್ಮುಲಾ ಶೀಟ್ ಏನೂ ಸಹಾಯ ಮಾಡಲ್ಲ.

ಬ್ಯಾಂಕ್ ಯಾವ್ದೇ ಇರ್ಲಿ, ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಕೊಳ್ಳಿ, ತಪ್ಪಾದ ಪ್ರತಿ ಪ್ರಶ್ನೆಗೂ ಒಂದು ಸಾಲು. ವಿಷಯ ಗೊತ್ತಿರ್ಲಿಲ್ವಾ, ಫಾರ್ಮುಲಾ ಅದಲು ಬದಲಾಯ್ತಾ, ಪ್ರಶ್ನೆ ಸರಿಯಾಗಿ ಓದ್ಲಿಲ್ವಾ, ಕ್ಯಾಲ್ಕುಲೇಟರ್ ಎಡವಟ್ಟಾ. ನಂದು ಒಂದು ವಾರದ ಪುಟ ತೆಗೆದು ನೋಡಿದ್ರೆ ಅರ್ಧಕ್ಕರ್ಧ ಮೂರನೇ ಕಾರಣ, ಲೀಸ್ಟ್ ಲೈಕ್ಲಿ ಅಂತ ಇದ್ದದ್ದನ್ನ ಮೋಸ್ಟ್ ಲೈಕ್ಲಿ ಅಂತ ಓದಿರೋದು. ಅಲ್ಲಿವರೆಗೂ ನಾನು ನನಗೆ ಇನ್ನೊಂದು ನೋಟ್ಸ್ ಬೇಕು ಅಂತ ಅಂದ್ಕೊಂಡಿದ್ದೆ!

ಮಾಕ್ ಪರೀಕ್ಷೆ ಬೇರೆ ಕೊಂಡ್ಕೋಬೇಕಾ? ಇನ್‌ಸ್ಟಿಟ್ಯೂಟ್ ಕೊಡೋ ಮಾಕ್ ಮೊದ್ಲು ಮುಗಿಸ್ಬೇಡಿ, ಅದನ್ನ ಕೊನೇ ಮೂರು ವಾರಕ್ಕೆ ಎತ್ತಿಡಿ, ನಿಜವಾದ ಪರೀಕ್ಷೆಯ ಧಾಟಿಗೆ ಅತಿ ಹತ್ರ ಇರೋದು ಅದೇ. ಅದಕ್ಕೆ ಮುಂಚೆ ಬೇರೆಯವ್ರದ್ದು ಎರಡು ಮೂರು ಬರೆದ್ರೆ ಸಾಕು. ಕೆಲವು ಪ್ರೆಪ್ ಮಾಕ್‌ಗಳು ಬೇಕಂತ್ಲೇ ಕಷ್ಟ ಇರ್ತವೆ, 55 ಬಂತು ಅಂತ ಅಳ್ಬೇಡಿ, ಕೆಲವು ತೀರಾ ಸುಲಭ, 80 ಬಂತು ಅಂತ ಕುಣೀಬೇಡಿ. ಅದೇ ಮಾಕ್ ಎರಡನೇ ಸಲ ಬರೆದು ಬಂದ ಮಾರ್ಕ್ಸ್ ಲೆಕ್ಕಕ್ಕಿಲ್ಲ, ಉತ್ತರ ನೆನಪಲ್ಲಿರತ್ತೆ.

ಹಳೇ ಎಡಿಷನ್ ಯಾರಾದ್ರೂ ಸೀನಿಯರ್ ಕೊಟ್ರೆ ತಗೋಬಹುದಾ ಅಂತ ತುಂಬಾ ಜನ ಕೇಳ್ತಾರೆ. 2024ಕ್ಕಿಂತ ಹಿಂದಿನದ್ದಾದ್ರೆ ನನ್ನ ಉತ್ತರ ಬೇಡ. ಆ ವರ್ಷ ಲೆವೆಲ್ 1 ಸಾಕಷ್ಟು ಬದಲಾಯ್ತು. ಕ್ವಾಂಟ್ (ಗಣಿತ, ಸಂಖ್ಯಾಶಾಸ್ತ್ರದ ಭಾಗ), ಎಕನಾಮಿಕ್ಸ್, ಸ್ಟೇಟ್‌ಮೆಂಟ್ ಅನಾಲಿಸಿಸ್ ಮೂರರಲ್ಲೂ ಬುನಾದಿ ಪಾಠಗಳನ್ನ ಪರೀಕ್ಷೆಯಿಂದ ತೆಗೆದು ಪ್ರಿರಿಕ್ವಿಸಿಟ್ (ಮೊದ್ಲೇ ಗೊತ್ತಿರ್ಬೇಕಾದ್ದು) ಅಂತ ಬೇರೆ ಇಟ್ರು, ಹಳೇದ್ರಲ್ಲಿ ಓದಿದ್ರೆ ಪರೀಕ್ಷೆಲಿ ನೇರವಾಗಿ ಕೇಳದೇ ಇರೋದನ್ನೇ ವಾರಗಟ್ಟಲೆ ಓದ್ತೀರಿ. ಎಥಿಕ್ಸಲ್ಲೂ 2024ರ ಜನವರಿ 1ರಿಂದ ಸ್ಟ್ಯಾಂಡರ್ಡ್ ಒಂದರ ಅಡಿ ಕಾಂಪಿಟೆನ್ಸ್ ಅಂತ ಹೊಸದೊಂದು ಸೇರಿದೆ, ಹಳೇ ಪುಸ್ತಕದಲ್ಲಿ ಅದು ಇರಲ್ಲ. ಅದೇ ವರ್ಷದಿಂದ ಪ್ರಾಕ್ಟಿಕಲ್ ಸ್ಕಿಲ್ಸ್ ಮಾಡ್ಯೂಲ್ ಬೇರೆ ಇದೆ, ಪೈಥಾನ್ ಅಥವಾ ಫೈನಾನ್ಷಿಯಲ್ ಮಾಡೆಲಿಂಗ್ ಥರದ್ದು, ಒಂದು ಮುಗಿಸದೇ ಇದ್ರೆ ರಿಸಲ್ಟ್ ಕೊಡಲ್ಲ, ಆದ್ರೆ ಅದು ಇನ್‌ಸ್ಟಿಟ್ಯೂಟ್ ಸೈಟಲ್ಲೇ ಸಿಗತ್ತೆ, ಅದಕ್ಕೆ ಅಂತ ಹೊರಗೆ ಏನೂ ಕೊಳ್ಬೇಡಿ.

ಕದ್ದ ಪಿಡಿಎಫ್ ಬಗ್ಗೆ ಒಂದು ಮಾತು. ಎಥಿಕ್ಸ್ ಅಧ್ಯಾಯಾನ ಪೈರೇಟೆಡ್ ಕಾಪೀಲಿ ಓದೋದಕ್ಕಿಂತ ದೊಡ್ಡ ತಮಾಷೆ ನಾನು ನೋಡಿಲ್ಲ. ಇನ್ನು "ಹೋದ ಸಲ ಬಂದ ನಿಜವಾದ ಪ್ರಶ್ನೆಗಳು" ಅಂತ ಯಾರಾದ್ರೂ ಮಾರಿದ್ರೆ ಅದ್ರಿಂದ ದೂರ ಇರಿ, ಪ್ರಶ್ನೆ ಹೊರಗೆ ಹೇಳೋದೇ ಸ್ಟ್ಯಾಂಡರ್ಡ್ ಏಳರ ಉಲ್ಲಂಘನೆ, ಸಿಕ್ಕಿಬಿದ್ರೆ ಹೋಗೋದು ಒಂದು ಪರೀಕ್ಷೆ ಮಾತ್ರ ಅಲ್ಲ. ಎಐ ಚಾಟ್ ಬಳಸೋರು ಬಳಸಿ, ಪುಟ್-ಕಾಲ್ ಪ್ಯಾರಿಟಿ (ಆಪ್ಷನ್‌ಗಳ ಬೆಲೆ ನಡುವಿನ ಸಂಬಂಧ) ಮಗುಗೆ ಹೇಳ್ದಂಗೆ ಹೇಳು ಅಂದ್ರೆ ಚೆನ್ನಾಗೇ ಹೇಳತ್ತೆ, ಆದ್ರೆ ಅದು ತಯಾರಿಸಿದ ಪ್ರಶ್ನೆ, ಅದು ಕೊಟ್ಟ ಉತ್ತರ ಎರಡನ್ನೂ ಕರಿಕ್ಯುಲಮ್ ಎದುರಿಗೆ ಇಟ್ಟು ನೋಡದೇ ನಂಬಬೇಡಿ.

ಕ್ಯಾಲ್ಕುಲೇಟರ್ ಆಯ್ಕೆ ಎರಡೇ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಬಿಎ ಟೂ ಪ್ಲಸ್, ಇಲ್ಲ ಎಚ್‌ಪಿ 12ಸಿ. ನಿಮ್ಮ ಮೆಟೀರಿಯಲ್‌ನಲ್ಲಿ ಕೀ ಒತ್ತೋ ಕ್ರಮ ಯಾವ್ದಕ್ಕೆ ಕೊಟ್ಟಿದಾರೆ ನೋಡಿ ಅದನ್ನೇ ತಗೊಳ್ಳಿ, ಎಚ್‌ಪಿಲಿ ಸಂಖ್ಯೆ ಮೊದ್ಲು ಚಿಹ್ನೆ ಆಮೇಲೆ, ಅಭ್ಯಾಸ ಇಲ್ದೋರಿಗೆ ತಲೆ ಕೆಡತ್ತೆ. ಬಿಎ ಟೂ ಪ್ಲಸ್ ತಗೊಂಡ್ರೆ ಮೊದಲ್ನೇ ದಿನವೇ ದಶಮಾಂಶ ಎರಡರಿಂದ ಜಾಸ್ತಿ ಮಾಡ್ಕೊಳ್ಳಿ, ಆನ್ಯುಯಿಟಿ ಡ್ಯೂ (ಪ್ರತಿ ಅವಧಿಯ ಶುರುವಲ್ಲೇ ಕಂತು ಬರೋದು) ಲೆಕ್ಕಕ್ಕೆ ಬಿಗಿನ್ ಮೋಡ್ ಹಾಕಿದ್ಮೇಲೆ ವಾಪಸ್ ತೆಗೆಯೋಕೆ ಮರೀಬೇಡಿ. ಮರೆತು ಒಂದು ಸಂಜೆ ಪೂರ್ತಿ ಎಲ್ಲಾ ಲೆಕ್ಕ ತಪ್ಪು ಬಂದು ಪುಸ್ತಕದಲ್ಲೇ ಪ್ರಿಂಟ್ ಮಿಸ್ಟೇಕ್ ಅಂತ ಬೈಕೊಂಡು ಕೂತಿದ್ದೆ ನಾನು.

ಹಾಗಾದ್ರೆ ಯಾರಿಗೆ ಯಾವ್ದು? ಅಕೌಂಟ್ಸ್ ಓದಿದೋರು, ದಿನಕ್ಕೆ ಎರಡು ಗಂಟೆ ಸಿಗತ್ತೆ ಅನ್ನೋರು ನೋಟ್ಸ್ ಜೊತೆ ಒಂದು ಕ್ವೆಶ್ಚನ್ ಬ್ಯಾಂಕ್ ತಗೊಂಡು ಎಥಿಕ್ಸ್ ಮಾತ್ರ ಕರಿಕ್ಯುಲಮ್‌ನಲ್ಲಿ ಓದಿ. ಫೈನಾನ್ಸ್ ಹೊಸದು ಅನ್ನೋರು ನೋಟ್ಸ್ ಬದ್ಲು ವಿಡಿಯೋ, ಉಳಿದದ್ದು ಅದೇ. ಇನ್ನೂ ಎಂಟೊಂಬತ್ತು ತಿಂಗಳು ಇದೆ, ಓದೋದು ಇಷ್ಟ, ದುಡ್ಡು ಜಾಸ್ತಿ ಹಾಕಕ್ಕಾಗಲ್ಲ ಅನ್ನೋರು ಹೊರಗಿನದ್ದು ಏನೂ ಇಲ್ದೇ ಕರಿಕ್ಯುಲಮ್ ಮತ್ತೆ ಅದ್ರ ಜೊತೆ ಬರೋ ಪ್ರಶ್ನೆಗಳಲ್ಲೇ ಮಾಡ್ಬಹುದು, ಮಾಡಿದೋರಿದಾರೆ, ಆದ್ರೆ ಬೇಗ ಶುರು ಮಾಡಿ. ಒಂದ್ಸಲ ಹೋಗಿದೆ ಅನ್ನೋರು ಓದೋ ಮೆಟೀರಿಯಲ್ ಬದಲಾಯಿಸೋಕೆ ಹೋಗ್ಬೇಡಿ, ಹೊಸ ಪ್ರಶ್ನೆಗಳನ್ನ ತಗೊಳ್ಳಿ, ರಿಸಲ್ಟ್ ಜೊತೆ ಬರೋ ಟಾಪಿಕ್‌ವಾರು ಗ್ರಾಫ್ ನೋಡಿ ಎಲ್ಲಿ ಕೆಳಗಿದೀರೋ ಅಲ್ಲಿಂದ ಶುರು ಮಾಡಿ.

ಎರಡರ ಮಧ್ಯೆ ಇನ್ನೂ ತೀರ್ಮಾನ ಆಗ್ತಿಲ್ಲ ಅಂದ್ರೆ ಎರಡರದ್ದೂ ಸ್ಯಾಂಪಲ್ ಇಳಿಸ್ಕೊಳ್ಳಿ, ಆದ್ರೆ ಒಂದೇ ಟಾಪಿಕ್‌ನ ಶನಿವಾರ ಒಂದ್ರಲ್ಲಿ, ಭಾನುವಾರ ಇನ್ನೊಂದ್ರಲ್ಲಿ ಅಂತ ಓದ್ಬೇಡಿ, ಎರಡನೇದು ಸುಲಭ ಅನ್ಸೇ ಅನ್ಸತ್ತೆ. ಒಂದ್ರಲ್ಲಿ ಒಂದು ಕಷ್ಟದ ಟಾಪಿಕ್, ಇನ್ನೊಂದ್ರಲ್ಲಿ ಅಷ್ಟೇ ಕಷ್ಟದ ಬೇರೆ ಟಾಪಿಕ್ ಓದಿ, ನಾಲ್ಕು ದಿನ ಬಿಟ್ಟು ಎರಡರ ಪ್ರಶ್ನೆನೂ ಕರಿಕ್ಯುಲಮ್‌ನಿಂದ ಬಿಡಿಸಿ ನೋಡಿ.

ದುಡ್ಡು ಕಟ್ಟೋಕೆ ಮುಂಚೆ ಆ್ಯಕ್ಸೆಸ್ ಯಾವತ್ತಿನವರೆಗೆ ಅಂತ ಮಾತ್ರ ಓದ್ಕೊಳ್ಳಿ. ಪರೀಕ್ಷೆ ದಿನದವರೆಗಾ, ಕೊಂಡ ದಿನದಿಂದ ಇಷ್ಟು ತಿಂಗಳಾ, ಡೇಟ್ ಮುಂದಕ್ಕೆ ಹಾಕಿದ್ರೆ ಅದೂ ಮುಂದಕ್ಕೆ ಹೋಗತ್ತಾ, ಫೇಲ್ ಆದ್ರೆ ಇನ್ನೊಂದ್ಸಲ ಕೊಡ್ತಾರಾ. ನಂದು ಪರೀಕ್ಷೆಗೆ 11 ದಿನ ಇರೋವಾಗ ಲಾಕ್ ಆಯ್ತು, ಅದ್ರೊಳಗೆ ನಾನು ಮಾರ್ಕ್ ಮಾಡಿಟ್ಟಿದ್ದ ತಪ್ಪು ಪ್ರಶ್ನೆಗಳೂ ಹೋದ್ವು, ಕೈಯಲ್ಲಿ ಉಳಿದದ್ದು ಆ ನೋಟ್‌ಬುಕ್ ಒಂದೇ.